ಲಿನಕ್ಸ್‌ನಲ್ಲಿ ಕ್ರೋಮ್ ನಡೆಯುತ್ತದೆಯೆ?

ಪ್ರಶ್ನೆ: ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಸಿದ್ದೇನೆ. ಅದರಲ್ಲಿ ಗೂಗಲ್ ಕ್ರೋಮ್ ಬಳಸಬಹುದೆ? ಕನ್ನಡ ಸರಿಯಾಗಿ ಮೂಡುತ್ತದೆಯೆ?
– ಓದುಗರೊಬ್ಬರು, ಹೊಳಲೂರು

ಉತ್ತರ: ಧಾರಾಳವಾಗಿ ಬಳಸಬಹುದು. ಲಿನಕ್ಸ್‌ಗೆ ಕ್ರೋಮ್‌ನ ಸ್ಥಿರ ಆವೃತ್ತಿ ಬಂದದ್ದು 2010ರ ಮೇ ತಿಂಗಳಲ್ಲಿ. ನಿಮ್ಮದು ಹಳೆಯ ಯಂತ್ರ ಎಂದಿದ್ದೀರಿ, ಅದು 64 ಬಿಟ್‌ನದೇ ಎಂದು ಮೊದಲು ನೋಡಿಕೊಳ್ಳಿ. 32 ಬಿಟ್ ಲಿನಕ್ಸ್‌ಗೆ ಗೂಗಲ್ 2016ರಲ್ಲೇ ಬೆಂಬಲ ನಿಲ್ಲಿಸಿದೆ.

ಗೂಗಲ್ ತಾಣದಿಂದ ಡೆಬ್ ಕಡತ ಇಳಿಸಿಕೊಂಡು ಹಾಕಿದಾಗ ಗೂಗಲ್‌ನ ತಂತ್ರಾಂಶ ಭಂಡಾರದ ವಿಳಾಸವೂ ನಿಮ್ಮ ವ್ಯವಸ್ಥೆಗೆ ಸೇರುತ್ತದೆ. ಹಾಗಾಗಿ ಮುಂದಿನ ಅಪ್‌ಡೇಟ್‌ಗಳು ಉಬುಂಟುವಿನ ಉಳಿದ ಅಪ್‌ಡೇಟ್‌ಗಳ ಜೊತೆಗೇ ಬರುತ್ತವೆ. ಕ್ರೋಮ್‌ನ ಬಹುಪಾಲು ಕ್ರೋಮಿಯಂ ಎಂಬ ಮುಕ್ತ ತಂತ್ರಾಂಶವೇ. ಆದರೆ ಗೂಗಲ್ ಅದಕ್ಕೆ ಸೇರಿಸಿರುವ ಭಾಗಗಳ ಮೂಲಸಂಕೇತ ನಮಗೆ ತೆರೆದಿಲ್ಲ. ಚಂದಾ ಕಟ್ಟಿ ಸಿನಿಮಾ ನೋಡುವ ತಾಣಗಳಿಗೆ ಬೇಕಾದ ವೈಡ್‌ವೈನ್ ಎಂಬ ಭಾಗ ಒಳಗೇ ಇರುವುದರಿಂದ ಅನೇಕರು ಕ್ರೋಮ್ ಹಿಡಿಯುತ್ತಾರೆ. ಉಬುಂಟು ಜೊತೆಗೇ ಬರುವ ಫೈರ್‌ಫಾಕ್ಸ್ ಕೂಡ ನಿಮ್ಮ ಒಪ್ಪಿಗೆ ಪಡೆದು ಅದನ್ನು ಇಳಿಸಿಕೊಳ್ಳಬಲ್ಲದು. ಮೊದಲು ಫೈರ್‌ಫಾಕ್ಸನ್ನೇ ಬಳಸಿ ನೋಡಿ ಎಂಬುದು ನನ್ನ ಸಲಹೆ.

ಕನ್ನಡ ಮೂಡುವುದು ಬ್ರೌಸರಿಗಿಂತ ಹೆಚ್ಚಾಗಿ ಫಾಂಟಿನ ವಿಚಾರ. ಅಕ್ಷರಗಳ ಜಾಗದಲ್ಲಿ ಚೌಕಗಳು ಕಂಡರೆ ನೋಟೋ ಕನ್ನಡ ಹಾಕಿಕೊಳ್ಳಿ. ಗುಬ್ಬಿ, ನವಿಲು ಎಂಬ ಚೆಂದದ ಮುಕ್ತ ಫಾಂಟ್‌ಗಳೂ ಉಬುಂಟು ಭಂಡಾರದಲ್ಲೇ ಸಿಗುತ್ತವೆ. ಬರೆಯಲು ಉಬುಂಟುವಿನ ಬರವಣಿಗೆ ವ್ಯವಸ್ಥೆಯಾದ ಐಬಸ್‌ಗೆ ಎಂ17ಎನ್ ಸೇರಿಸಿ, ಕೆಜಿಪಿ ವಿನ್ಯಾಸ ಆರಿಸಿ. ಕೆ.ಪಿ. ರಾವ್ ಅವರ ಕೀಲಿಮಣೆಯನ್ನು ಆಧರಿಸಿದ ವಿನ್ಯಾಸ ಅದು. ಇದೇ ವಿನ್ಯಾಸದ ನುಡಿ ತಂತ್ರಾಂಶದಲ್ಲಿ ಕೈ ಪಳಗಿದ್ದರೆ ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಸಲೀಸಾಗಿ ಬರೆಯುತ್ತೀರಿ.