ಬಾಣ ಬಿಡುವವರ ಬಳಗ

ಹವ್ಯಾಸಗಳಲ್ಲಿ ಎರಡು ಬಗೆ. ಅಂಚೆಚೀಟಿ ಕೂಡಿಡುವುದು, ಹೂಗಿಡ ಬೆಳೆಸುವುದು ಮೊದಲಾದವನ್ನು ಒಬ್ಬನೇ ತನ್ನ ಮೂಲೆಯಲ್ಲಿ ಕುಳಿತು ಮಾಡಬಹುದು. ಇನ್ನು ಕೆಲವು ನಾಲ್ಕು ಜನ ಕೂಡದೆ ನಡೆಯಲಾರವು. ಈ ಎರಡನೆಯ ಬಗೆಗೆ ಸೇರಿದ್ದು ಅಮೆರಿಕದ ಹವ್ಯಾಸಿ ರಾಕೆಟ್ ಸಂಘಗಳ ಕೆಲಸ. ಕನ್ನಡ ಪಾಠ ಹೇಳುವವನಿಗೆ ಅಗ್ನಿಬಾಣದ ಗೊಡವೆಯೇಕೆಂದು ಓದುಗರು ಕೇಳಬಹುದು. ನನ್ನನ್ನು ಸೆಳೆದದ್ದು ರಾಕೆಟ್ಟಲ್ಲ, ಅದನ್ನು ಹಾರಿಸುವವರ ಸ್ನೇಹದ ರೀತಿ. ಆ ಸ್ನೇಹ ನಿಂತಿರುವುದು ಹೊಗಳಿಕೆಯ ಮೇಲಲ್ಲ, ಸಂಶಯದ ಮೇಲೆ.

1957ರ ಅಕ್ಟೋಬರ್ 4ರಂದು ರಷ್ಯ ಸ್ಪುಟ್ನಿಕ್ಕನ್ನು ಆಕಾಶಕ್ಕೇರಿಸಿದಾಗ ಅಮೆರಿಕದ ಹುಡುಗರಿಗೆ ರಾಕೆಟ್ಟಿನ ಹುಚ್ಚು ಹಿಡಿಯಿತು. ಲೋಹದ ಕೊಳವೆಗಳಲ್ಲಿ ತಾವೇ ಮದ್ದು ತುಂಬಿ ಬೆಂಕಿಯಿಟ್ಟು ಗಾಯಗೊಂಡವರು ಅನೇಕರು. ನೆಬ್ರಾಸ್ಕದ ಪಾದರಕ್ಷೆ ವ್ಯಾಪಾರಿ ಆರ್ವಿಲ್ ಕಾರ್ಲೈಲ್ ಅದಕ್ಕೆ ಮುಂಚೆಯೇ ಕಾಗದದ ಮೈಯುಳ್ಳ, ಮದ್ದಿನ ಮೋಟರನ್ನು ಬದಲಿಸಬಹುದಾದ ಪುಟ್ಟ ರಾಕೆಟ್ಟನ್ನು ರೂಪಿಸಿದ್ದ. ಹ್ಯಾರಿ ಸ್ಟೈನ್ ಎಂಬ ರಾಕೆಟ್ ತಜ್ಞ ಅದನ್ನು ಕಂಡು ಮೆಚ್ಚಿ, ಸುರಕ್ಷೆಯ ನಿಯಮಗಳನ್ನು ಬರೆದು, ಆ ವರ್ಷವೇ ಸಂಘವೊಂದನ್ನು ಕಟ್ಟಿದ. ಇಂದಿನ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಬೇರು ಅಲ್ಲಿದೆ. ದೊಡ್ಡ ರಾಕೆಟ್ಟುಗಳ ಆಸೆಯುಳ್ಳವರು ಮುಂದೆ ಟ್ರಿಪೊಲಿ ಎಂಬ ಇನ್ನೊಂದು ಸಂಘದಲ್ಲಿಯೂ ಕೂಡಿದರು.

ಇವರಿಗೂ ಒಂದು ವರ್ಣಮಾಲೆಯುಂಟು. ಮೋಟರುಗಳಿಗೆ ಎ, ಬಿ, ಸಿ ಎಂದು ಹೆಸರು. ಒಂದೊಂದು ಅಕ್ಷರ ಮುಂದೆ ಹೋದಂತೆ ಶಕ್ತಿಯ ಮಿತಿ ಇಮ್ಮಡಿಯಾಗುತ್ತದೆ. ಹೀಗೆ ಎ ವರ್ಗಕ್ಕಿಂತ ಎಂ ವರ್ಗದ ಮಿತಿ 4096 ಪಟ್ಟು ಹೆಚ್ಚು! ಆದುದರಿಂದ ದೊಡ್ಡ ಅಕ್ಷರಗಳನ್ನು ಕೇಳಿದವರ ಕೈಗೆಲ್ಲ ಕೊಡುವುದಿಲ್ಲ. ಎಚ್ ಮತ್ತು ಐ ವರ್ಗಗಳಿಗೆ ಮೊದಲ ಹಂತದ ಅರ್ಹತೆ ಬೇಕು. ಜೆ, ಕೆ, ಎಲ್ ವರ್ಗಗಳಿಗೆ ಎರಡನೆಯದು, ಅದಕ್ಕೆ ಲಿಖಿತ ಪರೀಕ್ಷೆಯೂ ಉಂಟು. ಎಂ ಮತ್ತು ಅದರಾಚೆಗೆ ಮೂರನೆಯದು. ಈ ಕೊನೆಯ ಹಂತದಲ್ಲಿ ಅಭ್ಯರ್ಥಿಯು ತನ್ನ ವಿನ್ಯಾಸವನ್ನು ಮುಂಚಿತವಾಗಿ ಅನುಭವಿ ಸದಸ್ಯರ ಮುಂದಿಟ್ಟು ಅವರ ಒಪ್ಪಿಗೆ ಪಡೆಯಬೇಕು. ಬಳಿಕ ರಾಕೆಟ್ಟು ಎತ್ತರಕ್ಕೆ ಹಾರಿದರೆ ಸಾಲದು. ಮುರಿಯದೆ ಮರಳಿ ನೆಲಕ್ಕಿಳಿಯಬೇಕು. ಏರುವುದಕ್ಕಿಂತ ಇಳಿಯುವುದೇ ಕಠಿಣವೆಂಬ ಲೋಕನೀತಿ ಇಲ್ಲಿಯೂ ಸತ್ಯ.

ಹಾರಿಸುವ ದಿನವೂ ಇದೇ ಕ್ರಮ. ತಿಂಗಳುಗಟ್ಟಲೆ ಬೆವರು ಸುರಿಸಿ ಮಾಡಿದ ರಾಕೆಟ್ಟನ್ನು ಸುರಕ್ಷಾಧಿಕಾರಿಯ ಮೇಜಿನ ಮೇಲಿಡಬೇಕು. ಆತನೂ ಸಂಘದ ಸದಸ್ಯನೇ, ಬಹುಶಃ ಆಪ್ತ ಗೆಳೆಯನೇ. ಆದರೂ ಆತ ಬುಡದ ರೆಕ್ಕೆಗಳನ್ನು ಹಿಡಿದು ಅಲುಗಿಸಿ ನೋಡುತ್ತಾನೆ. ಗುರುತ್ವಕೇಂದ್ರವೆಲ್ಲಿ, ಗಾಳಿಯ ಒತ್ತಡದ ಕೇಂದ್ರವೆಲ್ಲಿ ಎಂದು ಕೇಳುತ್ತಾನೆ. ಮೊದಲನೆಯದು ಎರಡನೆಯದಕ್ಕಿಂತ ಮೂತಿಯ ಕಡೆಗೆ ಇರದಿದ್ದರೆ ರಾಕೆಟ್ಟು ದಿಕ್ಕುಗೆಟ್ಟು ನೆರೆದವರ ಮೇಲೆಯೇ ಎರಗಬಹುದು. ಉತ್ತರ ಸರಿಯಿಲ್ಲದಿದ್ದರೆ, 'ಇಂದು ಬೇಡ, ತಿದ್ದಿಕೊಂಡು ಬಾ' ಎನ್ನುತ್ತಾನೆ. ನೂರಾರು ಮೈಲಿ ದೂರದಿಂದ ಬಂದವನು ಆ ಮಾತನ್ನು ಒಪ್ಪಿ ಹಿಂದಿರುಗುತ್ತಾನೆ. ನಾಳೆ ಆ ಮೇಜಿನಾಚೆ ತಾನೇ ಕೂರಬೇಕಾದೀತೆಂಬುದು ಅವನಿಗೆ ಗೊತ್ತು.

ಇಷ್ಟೆಲ್ಲ ಮಾಡಿಯೂ ಒಮ್ಮೊಮ್ಮೆ ಪ್ಯಾರಾಚೂಟು ಬಿಚ್ಚುವುದಿಲ್ಲ. ವರ್ಷದ ಶ್ರಮ ಕ್ಷಣದಲ್ಲಿ ಮಣ್ಣುಪಾಲಾಗುತ್ತದೆ. ಆಗ ಅಣಕಿಸುವವರಿಗಿಂತ ಸಲಿಕೆ ಹಿಡಿದು ಜತೆಗೆ ನಡೆಯುವವರೇ ಹೆಚ್ಚು. ಚೂರುಗಳನ್ನು ಆಯ್ದು ತಂದು, ತಪ್ಪಿದ್ದೆಲ್ಲಿ ಎಂದು ಎಲ್ಲರೂ ಕೂಡಿ ವಿಚಾರಿಸುತ್ತಾರೆ. ಒಬ್ಬನ ಸೋಲು ಹತ್ತು ಮಂದಿಗೆ ಪಾಠವಾಗುತ್ತದೆ.

ಇವರ ನಿಷ್ಠೆಗೆ ಎರಡು ನಿದರ್ಶನಗಳು ಸಾಕು. ದೊಡ್ಡ ಮೋಟರುಗಳ ಇಂಧನವನ್ನು ಸರ್ಕಾರ ಸ್ಫೋಟಕಗಳ ಪಟ್ಟಿಗೆ ಸೇರಿಸಿತ್ತು. ಅದು ರಭಸದಿಂದ ಉರಿಯುವುದೇ ಹೊರತು ಸ್ಫೋಟಿಸುವುದಿಲ್ಲವೆಂದು ವಾದಿಸಿ ಎರಡು ಸಂಘಗಳೂ ಒಟ್ಟಾಗಿ 2000ದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದುವು. ಅವರ ಪರವಾಗಿ ತೀರ್ಪು ಬಂದದ್ದು 2009ರ ಮಾರ್ಚಿಯಲ್ಲಿ. ಲಾಭದ ಕಾಸೂ ಇಲ್ಲದ ಹವ್ಯಾಸಕ್ಕಾಗಿ ಒಂಬತ್ತು ವರ್ಷಗಳ ವ್ಯಾಜ್ಯ! ಇನ್ನೊಂದು, ನೆವಾಡದ ಬ್ಲ್ಯಾಕ್ ರಾಕ್ ಮರುಭೂಮಿಯದು. ಹವ್ಯಾಸಿಗಳ ತಂಡವೊಂದು ಅಲ್ಲಿ 2000ದಲ್ಲಿಯೂ 2002ರಲ್ಲಿಯೂ ಸೋತು, 2004ರ ಮೇ 17ರಂದು ತನ್ನ ರಾಕೆಟ್ಟನ್ನು ನೂರು ಕಿಲೋಮೀಟರಿನ ಗಡಿ ದಾಟಿಸಿ ಅಂತರಿಕ್ಷ ಮುಟ್ಟಿಸಿತು.

ನಮ್ಮಲ್ಲಿಯೂ ಸಂಘಗಳಿಗೆ ಕೊರತೆಯಿಲ್ಲ. ಕಾಲೇಜುಗಳ ಸಾಹಿತ್ಯ ಸಂಘಗಳಲ್ಲಿ ತರುಣನೊಬ್ಬ ತನ್ನ ಕವಿತೆಯನ್ನು ಓದಿದರೆ ನಾವು ಚಪ್ಪಾಳೆ ತಟ್ಟಿ ಕಳಿಸುತ್ತೇವೆ. ಅದನ್ನು ಎತ್ತಿಕೊಂಡು ರೆಕ್ಕೆ ಗಟ್ಟಿಯಾಗಿದೆಯೇ ಎಂದು ಅಲುಗಿಸಿ ನೋಡುವ ಕಷ್ಟ ಯಾರಿಗೂ ಬೇಡ. ಕೆಟ್ಟ ಕವಿತೆ ಯಾರ ತಲೆಯ ಮೇಲೂ ಬೀಳದೆಂಬ ಧೈರ್ಯವಿರಬೇಕು! ಆದರೆ ಬರೆದವನ ಪಾಲಿಗೆ ಅದು ಬೀಳುತ್ತದೆ, ತಡವಾಗಿ, ಬಳಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ. ಸಹೃದಯನೆಂಬ ಮಾತಿಗೆ ನಮ್ಮ ಮೀಮಾಂಸಕರು ಕೊಟ್ಟ ಬೆಲೆ ದೊಡ್ಡದು. ಸಹೃದಯನು 'ತಿದ್ದಿಕೊಂಡು ಬಾ' ಎಂದೂ ಹೇಳಬಲ್ಲವನಾಗಿರಬೇಕು. ಬಿದ್ದ ದಿನ ಸಲಿಕೆ ಹಿಡಿದು ಜತೆಗೂ ಬರಬೇಕು.