ಡಿಪಿಯಲ್ಲಿರುವುದು ನಿಮ್ಮ ಮುಖವೇ?

ಮನೆಯ ಕಾರ್ಯಕ್ರಮಕ್ಕೆ ಅಡುಗೆಯವರು ಬೇಕು. ಪರಿಚಯದವರು ಒಂದು ನಂಬರ್ ಕೊಡುತ್ತಾರೆ. ಅದನ್ನು ಸೇವ್ ಮಾಡಿಕೊಂಡ ಕೂಡಲೇ ನಾವು ನೋಡುವುದು ವಾಟ್ಸ್‌ಆ್ಯಪ್‌ನ ಡಿಪಿ, ಅಂದರೆ ಪ್ರೊಫೈಲ್ ಚಿತ್ರ. ಅಲ್ಲಿ ರಾಯರ ಬೃಂದಾವನವೋ, ಗುಲಾಬಿ ಹೂವೋ, ತೊಟ್ಟಿಲಲ್ಲಿ ಮಲಗಿದ ಮೊಮ್ಮಗುವೋ ಇದ್ದರೆ ಆಸಾಮಿ ಯಾರೆಂದು ತಿಳಿಯುವುದಿಲ್ಲ. ಈಚೆಗೆ ಇನ್ನೊಂದು ಬಗೆ ಸೇರಿಕೊಂಡಿದೆ: ಕಡುನೀಲಿ ಕೋಟು, ಬೆನ್ನ ಹಿಂದೆ ಗಾಜಿನ ಕಟ್ಟಡ, ಒಂದು ಕಲೆಯೂ ಇಲ್ಲದ ನುಣುಪು ಮುಖ. ಮನೆಗೆ ಬಂದಾಗ ನೋಡಿದರೆ ಬೇರೆ ಯಾರೋ.

ಟ್ಯೂಷನ್ ಹೇಳಿಕೊಡುವವರು, ಯೋಗ ಶಿಕ್ಷಕರು, ಮನೆಯಲ್ಲೇ ಹಪ್ಪಳ-ಉಪ್ಪಿನಕಾಯಿ ಮಾಡಿ ಮಾರುವವರು, ಕೆಲಸ ಹುಡುಕುತ್ತಿರುವ ಎಂಜಿನಿಯರ್‌ಗಳು, ಇವರಿಗೆಲ್ಲ ಈಗ ಮುಖವೇ ಅಂಗಡಿಯ ಬೋರ್ಡು. ಇದಕ್ಕೆ ‘ಪರ್ಸನಲ್ ಬ್ರ್ಯಾಂಡಿಂಗ್’ ಎಂಬ ದೊಡ್ಡ ಹೆಸರಿದೆ. ಈ ಕೆಲಸಕ್ಕೆ ಕೃತಕ ಬುದ್ಧಿಮತ್ತೆ, ಅಂದರೆ ಎಐ, ನಿಜಕ್ಕೂ ಒದಗಿಬರುತ್ತದೆ. ಆದರೆ ಮುಖದ ಸುತ್ತಲಿನದನ್ನೆಲ್ಲ ಅದಕ್ಕೆ ಬಿಟ್ಟುಕೊಡಿ, ಮುಖವನ್ನು ಮಾತ್ರ ಬಿಟ್ಟುಕೊಡಬೇಡಿ ಎಂಬುದು ನನ್ನ ಅಭಿಪ್ರಾಯ. ಇದು ನೀತಿಯ ಮಾತಲ್ಲ. ಮುಖವನ್ನು ನಮ್ಮ ಮಿದುಳು ಹೇಗೆ ಓದುತ್ತದೆ, ಎಐ ಹೇಗೆ ಬಿಡಿಸುತ್ತದೆ ಎಂಬುದನ್ನು ನೋಡಿದರೆ ಈ ತೀರ್ಮಾನಕ್ಕೆ ಬರದೆ ಗತ್ಯಂತರವಿಲ್ಲ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೈನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಪರಿಚಿತರ ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿ, ಇವರು ನಂಬಿಕಸ್ಥರೇ, ಸಮರ್ಥರೇ ಎಂದು ಕೇಳಿದರು. ಬಂದ ಉತ್ತರಗಳು, ಬೇಕಾದಷ್ಟು ಹೊತ್ತು ನೋಡಿ ಕೊಟ್ಟ ಉತ್ತರಗಳಿಗೆ ಬಹುಮಟ್ಟಿಗೆ ಹೊಂದಿಕೆಯಾದವು. ಹೆಚ್ಚು ಸಮಯ ಕೊಟ್ಟಾಗ ಬದಲಾದದ್ದು ತೀರ್ಮಾನವಲ್ಲ, ಆ ತೀರ್ಮಾನದ ಬಗ್ಗೆ ಅವರಿಗಿದ್ದ ಧೈರ್ಯ. ಈ ತೀರ್ಮಾನ ಸರಿಯೆಂದು ಪ್ರಯೋಗ ಹೇಳುವುದಿಲ್ಲ. ಅಷ್ಟು ಬೇಗ ಆಗಿಬಿಡುತ್ತದೆ ಎಂದಷ್ಟೇ ಹೇಳುತ್ತದೆ. ಅದೇ ಟೊಡೊರೊವ್ ಮುಂದೆ 2014ರಲ್ಲಿ, ಒಬ್ಬರದೇ ಬೇರೆ ಬೇರೆ ಫೋಟೊ ನೋಡಿದವರು ಬೇರೆ ಬೇರೆ ಅಭಿಪ್ರಾಯಕ್ಕೆ ಬರುತ್ತಾರೆ ಎಂದು ತೋರಿಸಿದರು. ಹಾಗಾಗಿ ಫೋಟೊ ಆಯ್ಕೆಗೆ ಬೆಲೆಯಿದೆ.

ಫೋಟೊದ ಇನ್ನೊಂದು ಕೆಲಸ ಗುರುತು ಹಿಡಿಸುವುದು. ಇದನ್ನು ನಾವು ಮರೆಯುತ್ತೇವೆ. ಗ್ಲ್ಯಾಸ್ಗೊ ವಿಶ್ವವಿದ್ಯಾಲಯದ ರಾಬ್ ಜೆಂಕಿನ್ಸ್ ಮತ್ತು ಸಂಗಡಿಗರು 2011ರಲ್ಲಿ 40 ಫೋಟೊಗಳನ್ನು ಜನರ ಕೈಗೆ ಕೊಟ್ಟು, ಒಬ್ಬೊಬ್ಬರದನ್ನು ಬೇರೆ ಗುಡ್ಡೆ ಮಾಡಿ ಎಂದರು. ಅವು ನೆದರ್‌ಲೆಂಡ್ಸ್‌ನ ಇಬ್ಬರು ಪ್ರಸಿದ್ಧರ ಫೋಟೊಗಳು, ತಲಾ ಇಪ್ಪತ್ತು. ಆ ಇಬ್ಬರನ್ನು ಕಂಡರಿಯದ ಬ್ರಿಟಿಷರು ಮಧ್ಯಾಂಕದ ಲೆಕ್ಕದಲ್ಲಿ ಏಳೂವರೆ ಗುಡ್ಡೆ ಮಾಡಿದರು. ಅವರನ್ನು ಬಲ್ಲ ಡಚ್ಚರು ಎರಡೇ ಗುಡ್ಡೆ ಮಾಡಿ ಎದ್ದುಹೋದರು. ಪರಿಚಿತ ಮುಖವನ್ನು ನಾವು ಕತ್ತಲಲ್ಲೂ ಗುರುತಿಸುತ್ತೇವೆ, ಅಪರಿಚಿತ ಮುಖ ಬೆಳಕು ಬದಲಾದರೂ ತಪ್ಪಿಹೋಗುತ್ತದೆ. ನಿಮ್ಮ ಹೊಸ ಗಿರಾಕಿ ಇರುವುದು ಬ್ರಿಟಿಷರ ಸ್ಥಾನದಲ್ಲಿ. ಅಸಲಿ ಫೋಟೊಗಳಲ್ಲೇ ಇಷ್ಟು ಗೊಂದಲವಾದರೆ, ದವಡೆ ಸಪೂರ ಮಾಡಿ ಮೈಬಣ್ಣ ತಿಳಿಗೊಳಿಸಿದ ಫೋಟೊದಿಂದ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮನ್ನು ಅವರು ಹೇಗೆ ಹುಡುಕಿಯಾರು?

ಎಐನ ಬಾಗಿಲು ತಟ್ಟುವ ಮುಂಚೆ ಕ್ಯಾಮೆರಾ ಸರಿಮಾಡಿಕೊಳ್ಳುವುದು ಒಳ್ಳೆಯದು. ‘ಸೆಲ್ಫಿಯಲ್ಲಿ ನನ್ನ ಮೂಗು ದೊಡ್ಡದಾಗಿ ಕಾಣುತ್ತದೆ, ಎಐನಲ್ಲಿ ಸರಿ ಮಾಡಬೇಕು’ ಎನ್ನುವವರಿದ್ದಾರೆ. ತಪ್ಪು ಮೂಗಿನದಲ್ಲ, ದೂರದ್ದು. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳೋಣ. ಫೋನು ಮೂಗಿನಿಂದ 30 ಸೆಂಟಿಮೀಟರ್ ದೂರವಿದ್ದರೆ ಕಿವಿ 42 ಸೆಂಟಿಮೀಟರ್ ದೂರವಾಯಿತು. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ, ಕಿವಿಯ ಲೆಕ್ಕದಲ್ಲಿ ಮೂಗು ಶೇ 40ರಷ್ಟು ಹಿಗ್ಗುತ್ತದೆ. ಅದೇ ಫೋನನ್ನು ಒಂದೂವರೆ ಮೀಟರ್ ಹಿಂದಿಟ್ಟರೆ ಈ ವ್ಯತ್ಯಾಸ ಶೇ 8ಕ್ಕೆ ಇಳಿಯುತ್ತದೆ. ಅಮೆರಿಕದ ಪ್ಲಾಸ್ಟಿಕ್ ಸರ್ಜರಿ ವೈದ್ಯರು 2018ರಲ್ಲಿ ಪ್ರಕಟಿಸಿದ ಲೆಕ್ಕವೂ ಇದೇ ದಾರಿಯದು: 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ, 5 ಅಡಿ ದೂರದಲ್ಲಿ ಆ ಹಿಗ್ಗು ಇಲ್ಲವೆನ್ನುವಷ್ಟು ಕಡಿಮೆ. ಮೂಗಿನ ಆಪರೇಷನ್ ಕೇಳಿಕೊಂಡು ಬರುವವರಿಗೆ ತಿಳಿಹೇಳಲೆಂದೇ ಅವರು ಈ ಲೆಕ್ಕಕ್ಕೆ ಕೂತದ್ದು.

ಆದ್ದರಿಂದ ಹಿಂಬದಿಯ ಕ್ಯಾಮೆರಾ ಬಳಸಿ, ಲೆನ್ಸನ್ನು ಪಂಚೆಯ ತುದಿಯಲ್ಲಾದರೂ ಒರೆಸಿ, ಇನ್ನೊಬ್ಬರ ಕೈಗೆ ಫೋನು ಕೊಟ್ಟು ನಾಲ್ಕೈದು ಅಡಿ ದೂರ ನಿಲ್ಲಿಸಿ. ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕ ನೀವು ನಿಲ್ಲಿ. ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಕಣ್ಣಿನ ಕೆಳಗೆ ನೆರಳು ಕೂರುತ್ತದೆ. ಚಾಟ್ ಪಟ್ಟಿಯಲ್ಲಿ ಡಿಪಿ ಉಗುರಿನಷ್ಟೇ ಕಾಣುವುದರಿಂದ ಎದೆಯಿಂದ ಮೇಲಿನ ಭಾಗ ಸಾಕು. ಇಷ್ಟು ಮಾಡಿದರೆ ಎಐಗೆ ಉಳಿಯುವ ಕೆಲಸ ಬಹಳ ಕಮ್ಮಿ.

ಆ ಉಳಿದ ಕೆಲಸದಲ್ಲಿ ಎರಡು ಜಾತಿಯಿದೆ. ಒಂದು, ಇರುವುದನ್ನೇ ಬೇರ್ಪಡಿಸುವುದು ಇಲ್ಲವೇ ತಿದ್ದುವುದು. ಹಿನ್ನೆಲೆ ತೆಗೆಯುವ ತಂತ್ರ ಪ್ರತಿಯೊಂದು ಪಿಕ್ಸೆಲ್‌ಗೂ ‘ಇದು ಮನುಷ್ಯನದೋ, ಗೋಡೆಯದೋ’ ಎಂಬ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತದೆ. ಮುಖದ ಮೇಲೆ ಅದಕ್ಕೆ ಕೆಲಸವಿಲ್ಲ. ತೊಂದರೆ ಬರುವುದು ಅಂಚುಗಳಲ್ಲಿ: ಕೆದರಿದ ಕೂದಲು, ಮುಡಿದ ಮಲ್ಲಿಗೆಯ ತುದಿ, ತೆಳು ಸೆರಗು. ದೊಡ್ಡದು ಮಾಡಿ ನೋಡಿದರೆ ಅರ್ಧ ಮಲ್ಲಿಗೆ ಕತ್ತರಿಸಿಹೋದದ್ದು ತಿಳಿಯುತ್ತದೆ. ಬೆಳಕು ಹೆಚ್ಚಿಸುವುದು, ಬಣ್ಣದ ಛಾಯೆ ಸರಿಪಡಿಸುವುದು, ಸೊಟ್ಟ ಫೋಟೊ ನೆಟ್ಟಗೆ ಮಾಡುವುದು ಇದೇ ಜಾತಿಗೆ ಸೇರುತ್ತವೆ. ಇಂಥ ಟಚಪ್ ಹೊಸದೇನಲ್ಲ. 1860ರ ಫೆಬ್ರುವರಿ 27ರಂದು ನ್ಯೂಯಾರ್ಕ್‌ನಲ್ಲಿ ಮ್ಯಾಥ್ಯೂ ಬ್ರೇಡಿ ಎಂಬ ಛಾಯಾಗ್ರಾಹಕ ಅಬ್ರಹಾಂ ಲಿಂಕನ್ನರ ಅಂಗಿಯ ಕಾಲರನ್ನು ಮೇಲೆ ಎಳೆಸಿ, ಉದ್ದ ಕತ್ತು ಗಿಡ್ಡ ಕಾಣುವಂತೆ ಮಾಡಿ ಫೋಟೊ ತೆಗೆದ. ಆ ಫೋಟೊ ಚುನಾವಣೆಯಲ್ಲಿ ಊರೂರು ಸುತ್ತಿತು. ಕಾಲರ್ ಏರಿದರೂ ಮುಖ ಲಿಂಕನ್ನರದೇ ಆಗಿತ್ತು.

ಎರಡನೆಯ ಜಾತಿ ಇಲ್ಲದ್ದನ್ನು ಹುಟ್ಟಿಸುವುದು. ‘ನನ್ನನ್ನು ಆಫೀಸಿನಲ್ಲಿ ಕೋಟು ಹಾಕಿ ಕೂರಿಸು’ ಎಂದಾಗ ಕೆಲಸ ಮಾಡುವುದು ಹೆಚ್ಚಾಗಿ ಡಿಫ್ಯೂಷನ್ ಎಂಬ ವಿಧಾನ. ತರಬೇತಿಯ ಹೊತ್ತಿನಲ್ಲಿ ಕೋಟ್ಯಂತರ ಚಿತ್ರಗಳಿಗೆ ಹಂತಹಂತವಾಗಿ ಚುಕ್ಕಿ ಸೇರಿಸಿ, ಕೊನೆಗೆ ಅವನ್ನು ಸಿಗ್ನಲ್ ಇಲ್ಲದ ಹಳೆಯ ಟಿವಿಯ ಪರದೆಯಂತೆ ಮಾಡುತ್ತಾರೆ. ಪ್ರತಿ ಹಂತದಲ್ಲಿ ಎಷ್ಟು ಚುಕ್ಕಿ ಸೇರಿತ್ತೆಂದು ಊಹಿಸಿ ಕಳೆಯುವುದನ್ನು ಯಂತ್ರ ಕಲಿಯುತ್ತದೆ. ಆಮೇಲೆ ಬರೀ ಚುಕ್ಕಿಗಳನ್ನು ಕೊಟ್ಟರೂ, ನಮ್ಮ ಮಾತಿನ ಸೂಚನೆ ಹಿಡಿದು ಅದರಿಂದ ಒಂದು ಚಿತ್ರ ತೆಗೆಯುತ್ತದೆ. ಅದು ಕಲಿತ ಚಿತ್ರಗಳಲ್ಲಿ ಯಾವುದು ಹೆಚ್ಚು ಸಂಭವವೋ ಆ ಕಡೆಗೇ ಅದರ ಓಟ. ನಿಮ್ಮ ಬಲಗೆನ್ನೆಯ ಮಚ್ಚೆ ಅದರ ಲೆಕ್ಕದಲ್ಲಿ ಅಸಂಭವ.

ಮುಖ ತಪ್ಪುವುದಕ್ಕೆ ಇನ್ನೊಂದು ಕಾರಣ ಲೆಕ್ಕದ ಉಳಿತಾಯದ್ದು. 2022ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್ ಚಿತ್ರವನ್ನು ನೇರವಾಗಿ ಮುಟ್ಟುವುದಿಲ್ಲ, ಕುಗ್ಗಿಸಿದ ಪ್ರತಿಯ ಮೇಲೆ ಕೆಲಸ ಮಾಡುತ್ತದೆ. ಅಗಲ-ಎತ್ತರ ತಲಾ 512 ಪಿಕ್ಸೆಲ್ ಇರುವ ಬಣ್ಣದ ಚಿತ್ರದಲ್ಲಿ 7,86,432 ಸಂಖ್ಯೆಗಳಿವೆ. ಕುಗ್ಗಿಸಿದ ಪ್ರತಿಯಲ್ಲಿ ಉಳಿಯುವುದು 16,384, ಅಂದರೆ 48ರಲ್ಲಿ ಒಂದು ಪಾಲು. ನಿಂತ ಭಂಗಿಯ ಫೋಟೊದಲ್ಲಿ ಮುಖ 60 ಪಿಕ್ಸೆಲ್ ಅಗಲವಿದ್ದರೆ ಅದಕ್ಕೆ ಸಿಗುವುದು ಅಡ್ಡಡ್ಡ ಏಳೆಂಟು ಚೌಕ. ಅಷ್ಟರಲ್ಲಿ ಕಣ್ಣು, ಹುಬ್ಬು, ಮೂಗುಬೊಟ್ಟು, ಕಿವಿಯ ಓಲೆ ಎಲ್ಲ ಹಿಡಿಯಬೇಕು. ಹಿಡಿಯದ್ದನ್ನು ಯಂತ್ರ ತನ್ನ ನೆನಪಿನಿಂದ ತುಂಬುತ್ತದೆ. ಹೊಸ ಮಾದರಿಗಳು ಇದಕ್ಕಿಂತ ಎಷ್ಟೋ ಸುಧಾರಿಸಿವೆ ನಿಜ. ಆದರೂ ಎಐ ಫೋಟೊ ಕೈಗೆ ಬಂದಾಗ ಮೊದಲು ಹಿಂದಿನ ಬೋರ್ಡಿನ ಕನ್ನಡ ಅಕ್ಷರ ನೋಡಿ. ಕಾಗುಣಿತದಂತೆ ಕಂಡು ಯಾವ ಅಕ್ಷರವೂ ಅಲ್ಲದ ಸುರುಳಿಗಳು ಸಿಕ್ಕರೆ, ಮುಖದಲ್ಲೂ ಅದೇ ಕಾರುಬಾರು ನಡೆದಿರಬಹುದು ಎಂದು ಅನುಮಾನಿಸಿ.

‘ನನ್ನ ಹತ್ತು ಫೋಟೊ ಕೊಟ್ಟಿದ್ದೇನಲ್ಲ’ ಎನ್ನಬಹುದು. ಗೂಗಲ್ ಸಂಶೋಧಕರು 2022ರಲ್ಲಿ ತೋರಿಸಿದ ಡ್ರೀಮ್‌ಬೂತ್ ವಿಧಾನ ಮೂರರಿಂದ ಐದು ಫೋಟೊಗಳಿಂದಲೇ ಒಬ್ಬ ವ್ಯಕ್ತಿಯನ್ನು ಮಾದರಿಗೆ ಪರಿಚಯಿಸಬಲ್ಲದು. ಹೆಡ್‌ಶಾಟ್ ಮಾಡಿಕೊಡುವ ಆ್ಯಪ್‌ಗಳಿಗೆ ದಾರಿ ತೆರೆದದ್ದು ಇಂಥ ವಿಧಾನಗಳೇ. ಆದರೆ ಹತ್ತು ಫೋಟೊಗಳ ಪಾಠ ಎಲ್ಲಿ, ಅದಕ್ಕಿಂತ ಮುಂಚೆ ಕಲಿತ ಕೋಟಿ ಫೋಟೊಗಳ ಪಾಠ ಎಲ್ಲಿ? ಎಳೆತ ಸದಾ ಕೋಟಿಯ ಕಡೆಗೇ.

ಕೆಡುಕೆಂದರೆ, ಆ ಎಳೆತದಿಂದ ಬರುವ ಮುಖ ಚೆನ್ನಾಗಿಯೇ ಕಾಣುತ್ತದೆ. ಜುಡಿತ್ ಲಾಂಗ್ಲೋಯಿಸ್ ಮತ್ತು ಲೋರಿ ರಾಗ್‌ಮನ್ 1990ರಲ್ಲಿ ಹಲವು ಮುಖಗಳನ್ನು ಕಂಪ್ಯೂಟರಿನಲ್ಲಿ ಬೆರೆಸಿ ಸರಾಸರಿ ಮುಖ ಮಾಡಿದಾಗ, ಜನ ಅದನ್ನು ಬಿಡಿ ಮುಖಗಳಲ್ಲಿ ಬಹುಪಾಲಿಗಿಂತ ಚೆಲುವೆಂದರು. 2022ರಲ್ಲಿ ಸೋಫಿ ನೈಟಿಂಗೇಲ್ ಮತ್ತು ಹ್ಯಾನಿ ಫರೀದ್ ನಡೆಸಿದ ಅಧ್ಯಯನದಲ್ಲಿ ಎಐ ಮುಖಗಳನ್ನು ಜನ ಅಸಲಿಯಿಂದ ಬೇರ್ಪಡಿಸಲಾರದೆ ಹೋದರು, ಜೊತೆಗೆ ಅವನ್ನೇ ಸ್ವಲ್ಪ ಹೆಚ್ಚು ನಂಬಿಕಸ್ಥವೆಂದೂ ಹೇಳಿದರು. ಸರಾಸರಿಗೆ ಹತ್ತಿರವಾದ ಮುಖ ಹಿತವೆನಿಸುತ್ತದೆ, ಆದರೆ ಯಾರದೂ ಅಲ್ಲದಂತಾಗುತ್ತದೆ. ಬ್ರ್ಯಾಂಡ್ ಎಂಬುದರ ಉದ್ದೇಶಕ್ಕೇ ಇದು ವಿರುದ್ಧ.

ಸರಾಸರಿ ಯಾರದು ಎಂಬ ಪ್ರಶ್ನೆಯೂ ಇದೆ. 2023ರಲ್ಲಿ ಅಮೆರಿಕದ ಎಂಐಟಿಯ ಏಷ್ಯಾ ಮೂಲದ ವಿದ್ಯಾರ್ಥಿನಿಯೊಬ್ಬಳು ತನ್ನ ಫೋಟೊವನ್ನು ವೃತ್ತಿಪರ ಪ್ರೊಫೈಲ್‌ಗೆ ಒಪ್ಪುವಂತೆ ಮಾಡಲು ಎಐಗೆ ಹೇಳಿದಳು. ಅದು ಅವಳಿಗೆ ಬಿಳಿ ಮೈಬಣ್ಣ, ನೀಲಿ ಕಣ್ಣು ಕೊಟ್ಟು ಕೂರಿಸಿತು. 2018ರಲ್ಲಿ ಜಾಯ್ ಬುವೊಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪನಿಗಳ ತಂತ್ರಾಂಶ ಪರೀಕ್ಷಿಸಿದಾಗ, ಬಿಳಿ ಗಂಡಸರಲ್ಲಿ ಗರಿಷ್ಠ ಶೇ 0.8 ತಪ್ಪು, ಕಪ್ಪು ಹೆಂಗಸರಲ್ಲಿ ಶೇ 34.7ರವರೆಗೆ ತಪ್ಪು ಕಂಡಿತ್ತು. ಫಿಲ್ಮ್ ಕಾಲದಲ್ಲೂ ಹೀಗೇ ಇತ್ತು: ಕೊಡ್ಯಾಕ್‌ನ ಪ್ರಯೋಗಾಲಯಗಳು ಬಣ್ಣ ಹೊಂದಿಸಲು ದಶಕಗಳ ಕಾಲ ಬಳಸಿದ್ದು ಬಿಳಿ ಹೆಂಗಸಿನ ಚಿತ್ರವಿದ್ದ ‘ಶರ್ಲಿ’ ಕಾರ್ಡು. ನಮ್ಮಲ್ಲಿ ಸ್ಟುಡಿಯೊದವರು ಕೇಳದೆಯೇ ಬೆಳ್ಳಗೆ ಮಾಡಿಕೊಡುತ್ತಿದ್ದರು, ನಾವೂ ಖುಷಿಯಾಗಿ ಇಸಿದುಕೊಳ್ಳುತ್ತಿದ್ದೆವು. ಎಐ ಮೇಲೆ ಮಾತ್ರ ತಪ್ಪು ಹೊರಿಸಿ ಪ್ರಯೋಜನವಿಲ್ಲ.

ಹಾಗಾದರೆ ಬಳಸುವುದು ಹೇಗೆ? ಆ್ಯಪ್‌ನಲ್ಲಿ ಬೇಕಾದ ಜಾಗವನ್ನಷ್ಟೇ ಬೆರಳಿನಿಂದ ಗುರುತಿಸಿ ಬದಲಾಯಿಸುವ ಸೌಲಭ್ಯವಿದ್ದರೆ ಅದನ್ನೇ ಹಿಡಿಯಿರಿ. ಹಿನ್ನೆಲೆಯನ್ನು ಗುರುತಿಸಿ, ಮುಖವನ್ನು ಹೊರಗಿಡಿ. ಮಾತಿನಲ್ಲಿ ಹೇಳುವ ಚಾಟ್ ಬಗೆಯದಾದರೆ ‘ಮುಖ, ಮೈಬಣ್ಣ, ಕನ್ನಡಕ, ಕುಂಕುಮ ಯಾವುದನ್ನೂ ಬದಲಿಸಬೇಡ; ಹಿಂದಿನ ಗೋಡೆ ಮಾತ್ರ ತಿಳಿ ಬೂದು ಮಾಡು’ ಎಂದು ಬಿಡಿಸಿ ಹೇಳಬೇಕು. ಹಾಗೆ ಹೇಳಿದರೂ ಇಂಥ ಮಾದರಿಗಳು ಇಡೀ ಚಿತ್ರವನ್ನು ಹೊಸದಾಗಿ ಬಿಡಿಸುವುದುಂಟು. ಎಐ ಕೊಟ್ಟದ್ದನ್ನೇ ಮತ್ತೆ ಎಐಗೆ ಕೊಟ್ಟು ತಿದ್ದಿಸುತ್ತ ಹೋದರೆ ಪ್ರತಿ ಸಲ ಮುಖ ಒಂದೊಂದು ಕೂದಲೆಳೆ ಸರಿಯುತ್ತದೆ, ನಾಲ್ಕನೆಯ ಸಲಕ್ಕೆ ದಾಯಾದಿಯಾಗುತ್ತದೆ. ಪ್ರತಿ ಸಲವೂ ಮೂಲ ಫೋಟೊದಿಂದಲೇ ಶುರುಮಾಡಿ. ಮದುವೆ ಆಲ್ಬಮ್ಮಿನ ಸಣ್ಣ ಮುಖವನ್ನು ಎಐನಿಂದ ಹಿಗ್ಗಿಸಿಕೊಳ್ಳುವ ಆಸೆ ಬೇಡ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಪಲ್ಸ್ ಎಂಬ ತಂತ್ರಾಂಶಕ್ಕೆ ಬರಾಕ್ ಒಬಾಮರ ಮಸುಕು ಚಿತ್ರ ಕೊಟ್ಟಾಗ ಅದು ಹಿಗ್ಗಿಸಿ ತೋರಿಸಿದ್ದು ಒಬ್ಬ ಬಿಳಿಯನನ್ನು.

ಕೊನೆಗೆ ನಾಲ್ಕೈದು ಒಳ್ಳೆಯ ಫೋಟೊ ಸಿದ್ಧವಾದಾಗ ಆರಿಸುವವರು ಯಾರು? ನೀವಂತೂ ಅಲ್ಲ. ಆಸ್ಟ್ರೇಲಿಯಾದ ಡೇವಿಡ್ ವೈಟ್ ಮತ್ತು ಸಂಗಡಿಗರು 2017ರಲ್ಲಿ, ವಿದ್ಯಾರ್ಥಿಗಳು ತಮ್ಮ ಹನ್ನೆರಡು ಫೋಟೊಗಳಲ್ಲಿ ತಾವೇ ಆರಿಸಿದ್ದಕ್ಕಿಂತ ಅಪರಿಚಿತರು ಆರಿಸಿಕೊಟ್ಟದ್ದೇ ನೋಡುಗರ ಮೇಲೆ ಹೆಚ್ಚು ಒಳ್ಳೆಯ ಅಭಿಪ್ರಾಯ ಮೂಡಿಸಿತೆಂದು ತೋರಿಸಿದರು. ನಾವು ದಿನವೂ ನೋಡುವುದು ಕನ್ನಡಿಯ ತಿರುಗುಮುರುಗು ಮುಖ. 1977ರ ಒಂದು ಅಧ್ಯಯನದಲ್ಲಿ ಹೆಂಗಸರು ತಮ್ಮ ಕನ್ನಡಿ ರೂಪದ ಫೋಟೊ ಮೆಚ್ಚಿದರು, ಅವರ ಸ್ನೇಹಿತೆಯರು ನೇರ ಫೋಟೊ ಮೆಚ್ಚಿದರು. ಈ ವಿಷಯದಲ್ಲಿ ಚಾಟ್‌ಬಾಟನ್ನು ಕೇಳುವುದರಲ್ಲಿ ಅರ್ಥವಿಲ್ಲ, ಅದಕ್ಕೆ ಹೊಗಳುವ ಚಾಳಿ. ನಿಮ್ಮನ್ನು ಅಷ್ಟಾಗಿ ಅರಿಯದ ಇಬ್ಬರು ಮೂವರಿಗೆ ತೋರಿಸಿ, ‘ಇವರ ಹತ್ತಿರ ಮಕ್ಕಳನ್ನು ಟ್ಯೂಷನ್‌ಗೆ ಕಳಿಸುತ್ತೀರಾ?’ ಎಂದು ಕೆಲಸದ ಪ್ರಶ್ನೆಯನ್ನೇ ಕೇಳಿ. ಆರಿಸಿದ ಮೇಲೆ ವಾಟ್ಸ್‌ಆ್ಯಪ್, ಲಿಂಕ್ಡ್‌ಇನ್, ವಿಸಿಟಿಂಗ್ ಕಾರ್ಡು ಎಲ್ಲ ಕಡೆ ಅದೊಂದನ್ನೇ ಹಾಕಿ. ಅಪರಿಚಿತರಿಗೆ ಒಂದೇ ಮುಖ ಏಳೂವರೆ ಆಗದಿರಲು ಇದು ಸುಲಭದ ದಾರಿ. ಗಡ್ಡ ಬಿಟ್ಟರೆ, ಕನ್ನಡಕ ಬದಲಾದರೆ, ತಲೆಗೆ ಬಣ್ಣ ಹಚ್ಚುವುದು ನಿಲ್ಲಿಸಿದರೆ ಎಲ್ಲ ಕಡೆಯೂ ಒಟ್ಟಿಗೆ ಬದಲಿಸಿ.

ವಕೀಲರಿಗೆ ಒಂದು ಮಾತು: ವೃತ್ತಿಯ ಜಾಹೀರಾತು ಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ತಡೆಯುತ್ತದೆ, ಫೋಟೊ ಹಾಕುವ ಮುಂಚೆ ಅದನ್ನು ಓದಿಕೊಳ್ಳಿ. ಪಾಸ್‌ಪೋರ್ಟಿಗೆ ಎಐ ಮುಟ್ಟಿದ ಫೋಟೊ ಬೇಡವೇ ಬೇಡ. ಆ್ಯಪ್‌ಗೆ ಫೋಟೊ ಏರಿಸುವಾಗ, ಕೆಲಸ ಮುಗಿದ ಮೇಲೆ ಅವನ್ನು ಅಳಿಸುತ್ತಾರೆಯೇ, ತಮ್ಮ ಮಾದರಿಯ ತರಬೇತಿಗೆ ಬಳಸುತ್ತಾರೆಯೇ ಎಂಬ ಎರಡು ವಾಕ್ಯಗಳನ್ನಾದರೂ ಷರತ್ತುಗಳಲ್ಲಿ ಹುಡುಕಿ ನೋಡಿ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಕೊಟ್ಟ ಒಪ್ಪಿಗೆ ಹಿಂಪಡೆಯುವ ಮತ್ತು ದತ್ತಾಂಶ ಅಳಿಸಲು ಕೇಳುವ ಹಕ್ಕು ನಾಗರಿಕರಿಗೆ ಇರಬೇಕೆನ್ನುತ್ತದೆ. ಆ ಎರಡು ವಾಕ್ಯ ಸಿಗದ ಆ್ಯಪ್‌ಗಿಂತ, ಊರಿನ ಸ್ಟುಡಿಯೊದವರಿಗೆ ದುಡ್ಡು ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ಮೇಲು. ‘ಬೆಳ್ಳಗೆ ಮಾಡಬೇಡಿ’ ಎಂದು ಮೊದಲೇ ಹೇಳಿಬಿಡಿ.