ಸವೆಯಲೆಂದೇ ಇರುವ ಪ್ಯಾಡು, ಉಳಿಯಬೇಕಾದ ಡಿಸ್ಕು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಹಿಪ್ಪರಗಿ ಸುತ್ತಿನ ರಸ್ತೆಗಳ ಚಹರೆಯೇ ಬೇರೆ. ಸಮೀರವಾಡಿ, ಮುಧೋಳ, ಸಿದ್ದಾಪುರ, ಹಿರೇಪಡಸಲಗಿಯ ಸಕ್ಕರೆ ಕಾರ್ಖಾನೆಗಳ ಕಡೆಗೆ ಎರಡೆರಡು ಟ್ರೇಲರ್ ಹೂಡಿದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಹಿಂದೆ ಕೆಂಪು ದೀಪವಿಲ್ಲದ ಟ್ರೇಲರು ರಾತ್ರಿಯಲ್ಲಿ ಕಣ್ಣಿಗೆ ಬೀಳುವುದು ತೀರಾ ಹತ್ತಿರ ಹೋದ ಮೇಲೆಯೇ. ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ಈ ಎರಿಭೂಮಿಯಲ್ಲಿ ಘಟ್ಟದ ಇಳಿಜಾರಿಲ್ಲ. ಆದರೆ ಊರಿಗೊಂದರಂತೆ ಹಂಪ್ಸು, ಅಡ್ಡ ಬರುವ ಕುರಿಹಿಂಡು, ಹೊಲದಿಂದ ನೇರ ರಸ್ತೆಗೆ ಏರುವ ಗಾಡಿ ಇವೆ. ಹೀಗಾಗಿ ಕಾರಿನವರ ಬಲಗಾಲಿಗೆ ಬ್ರೇಕಿನ ಕೆಲಸ ತಪ್ಪಿದ್ದಲ್ಲ. ಆ ಬ್ರೇಕನ್ನು ಸುಸ್ಥಿತಿಯಲ್ಲಿಡುವ ಕಸುಬೊಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಗ್ಯಾರೇಜು ಮತ್ತು ಲೇಥ್ ಅಂಗಡಿಗಳಲ್ಲಿ ಸದ್ದಿಲ್ಲದೆ ನಡೆದಿದೆ. ಗಟ್ಟಿ ಸಾಮಾನು ಹಾಕಿಕೊಡುವುದೇ ಒಳ್ಳೆಯ ಬ್ರೇಕ್ ಕೆಲಸ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ನನಗೆ ತೋರುವಂತೆ ಈ ಕಸುಬಿನ ಹೆಚ್ಚುಗಾರಿಕೆ ಇರುವುದು ಸಾಮಾನಿನ ಗಟ್ಟಿತನದಲ್ಲಲ್ಲ, ವೇಳೆಗೆ ಸರಿಯಾಗಿ ಚಕ್ರ ಬಿಚ್ಚಿ ನೋಡುವುದರಲ್ಲಿ, ನೋಡಿದ್ದನ್ನು ಅಳೆಯುವುದರಲ್ಲಿ.

ಬ್ರೇಕು ಮಾಡುವುದೇನು ಎಂಬಲ್ಲಿಂದಲೇ ತೊಡಗಬೇಕು. ಓಡುವ ಕಾರಿನ ಶಕ್ತಿಯನ್ನು ಅದು ಬಿಸಿಯಾಗಿ ಮಾರ್ಪಡಿಸುತ್ತದೆ, ಅಷ್ಟೇ. 1000 ಕೆ.ಜಿ. ತೂಕದ ಕಾರು ಗಂಟೆಗೆ 80 ಕಿ.ಮೀ. ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಬಿಸಿಯಲ್ಲಿ ಮುಕ್ಕಾಲು ಲೀಟರಿನಷ್ಟು ತಣ್ಣೀರನ್ನು ಕುದಿಸಬಹುದು. 40ರಲ್ಲಿ ಹೊರಟಿದ್ದರೆ ಅದರ ಕಾಲು ಭಾಗ ಸಾಕು, ಏಕೆಂದರೆ ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ. ಈ ಬಿಸಿಯ ಹೆಚ್ಚಿನ ಪಾಲು ಮುಂದಿನ ಎರಡು ಚಕ್ರಗಳ ಡಿಸ್ಕುಗಳಲ್ಲಿ, ಅವನ್ನು ಇಕ್ಕಳದಂತೆ ಹಿಡಿಯುವ ನಾಲ್ಕು ಪ್ಯಾಡುಗಳ ನಡುವೆ ಹುಟ್ಟುತ್ತದೆ. ಡಿಸ್ಕು ಬೀಡುಕಬ್ಬಿಣದ್ದು. ಪ್ಯಾಡು ಎಂದರೆ ಉಕ್ಕಿನ ತಗಡಿಗೆ ಅಂಟಿಸಿದ ಘರ್ಷಣೆಯ ಮಸಾಲೆ, ಹೊಸತರಲ್ಲಿ ಸಾಮಾನ್ಯವಾಗಿ ಹತ್ತು ಮಿಲಿಮೀಟರಿನ ಆಸುಪಾಸು ದಪ್ಪ. ಇವೆರಡರಲ್ಲಿ ಪ್ಯಾಡು ಸವೆಯಲೆಂದೇ ಇದೆ, ಡಿಸ್ಕು ಆದಷ್ಟು ಉಳಿಯಲೆಂದು. ರಬಕವಿ–ಬನಹಟ್ಟಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ್ಗದಲ್ಲಿ ಲಾಳಿಯ ಹೊಡೆತ ತಿನ್ನುವ ಪಿಕ್ಕರ್ ಸವೆಯುವುದಕ್ಕೇ ಇರುವಂಥದು. ಅದನ್ನು ಬದಲಿಸದೆ ದಿನ ದೂಡಿದರೆ ಕೆಡುವುದು ಲಾಳಿ, ಹರಿಯುವುದು ಹಾಸು.

ಮೆತ್ತಗಿನದು ಸವೆದು ಗಟ್ಟಿಯಾದುದನ್ನು ಕಾಯಬೇಕು ಎಂಬ ತಿಳಿವಳಿಕೆ ಕಾರಿನಷ್ಟೇ ಹಳೆಯದು. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ತನ್ನ ಇಬ್ಬರು ಮಕ್ಕಳೊಂದಿಗೆ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಗಂಡನ ಮೋಟಾರು ಗಾಡಿ ಓಡಿಸಿಕೊಂಡು ಹೋದಳು. ದಾರಿಯಲ್ಲಿ ಮರದ ಬ್ರೇಕ್ ಕಟ್ಟೆಗಳು ಸವೆದಾಗ ಅವಕ್ಕೆ ತೊಗಲು ಹೊಡೆದುಕೊಟ್ಟವನು ಒಬ್ಬ ಚಮ್ಮಾರ. ಇಂದಿನ ಬ್ರೇಕ್ ಲೈನಿಂಗಿನ ಮೂಲಪುರುಷ ಎಂದು ಆ ಕಸುಬುದಾರನನ್ನೇ ನೆನೆಯಬೇಕು. 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಅವನ ಪ್ಯಾಡು ತಾಮ್ರದ್ದು. ಲೋಹಕ್ಕೆ ಲೋಹ ಉಜ್ಜಿ ಏಳುತ್ತಿದ್ದ ಕಿರುಚು ಕೇಳುವವರಿಗೆ ಅಸಹನೀಯವಾಗಿತ್ತು. ಹರ್ಬರ್ಟ್ ಫ್ರೂಡ್ ಎಂಬಾತ ಕಲ್ನಾರಿನ ಲೈನಿಂಗ್ ತಂದ ಮೇಲೆ ಆ ತೊಂದರೆಗೆ ದಾರಿ ಸಿಕ್ಕಿತು. ಮುಂದೆ 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಿತು. ಡಿಸ್ಕಿನ ಹೆಸರು ಮನೆಮಾತಾದದ್ದು ಹೀಗೆ ರೇಸಿನ ಮೂಲಕ. ರೇಸಿನದೆಲ್ಲ ನಮ್ಮ ಕಾರಿಗೂ ಒಳ್ಳೆಯದೇ ಎಂಬ ನಂಬಿಕೆಗೂ ಅಲ್ಲಿಂದಲೇ ನೀರು ಬಂದಿರಬೇಕು.

ಈ ನಂಬಿಕೆಯನ್ನು ನಿಂತು ಪರೀಕ್ಷಿಸಬೇಕಾಗಿದೆ. ಹರೆಯದ ಹುಡುಗರು ‘ಪರ್ಫಾರ್ಮೆನ್ಸ್ ಪ್ಯಾಡ್’ ಕೇಳಿ ಹಾಕಿಸುತ್ತಾರೆ. ರೇಸಿನವರು ಬಳಸುವುದು ಕೆಟ್ಟದಾಗಿರಲು ಹೇಗೆ ಸಾಧ್ಯ ಎಂಬುದು ಅವರ ವಾದ. ಕೆಟ್ಟದಲ್ಲ ನಿಜ, ಆದರೆ ಅದರ ಜಾಗ ಬೇರೆ. ಇಂಥ ಪ್ಯಾಡುಗಳ ಮಸಾಲೆಯಲ್ಲಿ ಹೆಚ್ಚಾಗಿ ಉಕ್ಕಿನ ಎಳೆ, ಲೋಹದ ಪುಡಿ ಜಾಸ್ತಿ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆಯುವವನಿಗೆ ಡಿಸ್ಕು ಕೆಂಡದಂತೆ ಕಾದರೂ ಹಿಡಿತ ಬಿಡದ ಪ್ಯಾಡು ಬೇಕು. ಅಪ್ಪಟ ರೇಸ್ ಪ್ಯಾಡುಗಳು ಪೂರ್ತಿ ಹಿಡಿಯುವುದೇ ನೂರಾರು ಡಿಗ್ರಿ ಬಿಸಿಯಾದ ಮೇಲೆ. ಬೆಳಗಿನ ತಂಪಿನಲ್ಲಿ ತೇರದಾಳದಿಂದ ಹೊರಟು ಮೊದಲ ಹಂಪ್ಸಿನಲ್ಲೇ ಬ್ರೇಕ್ ಒತ್ತುವವನಿಗೆ ಆ ಬಿಸಿ ಎಲ್ಲಿಂದ ಬರಬೇಕು? ಅವನಿಗೆ ಮೊದಲ ಒತ್ತಿಗೇ ಹಿಡಿಯುವ ಸಾದಾ ಪ್ಯಾಡೇ ಹೆಚ್ಚು ಸುರಕ್ಷಿತ. ಜೊತೆಗೆ, ಲೋಹ ಹೆಚ್ಚಿರುವ ಪ್ಯಾಡು ತಣ್ಣಗಿರುವಾಗ ಅರದ ಹಾಗೆ ಡಿಸ್ಕನ್ನು ಉಜ್ಜುತ್ತದೆ. ಅನೇಕ ಪ್ಯಾಡುಗಳ ಅಂಚಿನಲ್ಲಿ ‘ಎಫ್‌ಎಫ್’, ‘ಜಿಜಿ’ ಎಂಬ ಜೋಡಿ ಅಕ್ಷರಗಳಿರುತ್ತವೆ. ಜೋಡಿಯ ಮೊದಲ ಅಕ್ಷರ ಸಾಧಾರಣ ಬಿಸಿಯಲ್ಲಿ, ಎರಡನೆಯದು ಹೆಚ್ಚಿನ ಬಿಸಿಯಲ್ಲಿ ಪ್ಯಾಡಿನ ಘರ್ಷಣೆ ಎಷ್ಟೆಂದು ಹೇಳುತ್ತದೆ. ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಅದು ಬಾಳಿಕೆಯ ಗುರುತಲ್ಲ, ಡಿಸ್ಕಿನ ಮೇಲೆ ಎಷ್ಟು ಕರುಣೆಯಿದೆ ಎಂಬುದನ್ನೂ ಹೇಳದು. ಚೋರ್ಲಾ ಘಟ್ಟ ಇಳಿದು ಗೋವೆಗೆ, ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ತುಂಬಿದ ಗಾಡಿ ಒಯ್ಯುವವರು ಬಿಸಿ ತಾಳುವ ಪ್ಯಾಡು ಬೇಕೆಂದರೆ ಅದರಲ್ಲಿ ಅರ್ಥವಿದೆ. ಆದರೂ ಅಲ್ಲಿ ಮೊದಲು ನೆರವಾಗುವುದು ಕೆಳಗಿನ ಗೇರು.

ಸವೆದ ಪ್ಯಾಡು ಡಿಸ್ಕನ್ನು ಕೆಡಿಸುವುದು ಒಂದೇ ದಿನದಲ್ಲಲ್ಲ. ಅದು ಮುನ್ಸೂಚನೆ ಕೊಡುತ್ತಲೇ ಬರುತ್ತದೆ. ಮಸಾಲೆ ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಹಲವು ಪ್ಯಾಡುಗಳಲ್ಲಿರುವ ಸಣ್ಣ ಉಕ್ಕಿನ ನಾಲಿಗೆ ಡಿಸ್ಕಿಗೆ ತಾಗಿ ಕೀಂಯ್‌ಗುಟ್ಟುತ್ತದೆ. ಅದು ಬೇಕೆಂದೇ ಇಟ್ಟ ಕೂಗು. ಹಾಡಿನ ಸದ್ದು ಏರಿಸಿ ಅದನ್ನು ಮುಚ್ಚುವವರಿದ್ದಾರೆ. ಇನ್ನೊಂದು ಸೂಚನೆ ಬಾನೆಟ್ಟಿನ ಕೆಳಗಿದೆ. ಪ್ಯಾಡು ತೆಳುವಾದಷ್ಟೂ ಕ್ಯಾಲಿಪರಿನ ಪಿಸ್ಟನ್ ಮುಂದೆ ಸರಿಯುತ್ತದೆ, ಅದರ ಹಿಂದೆ ತುಂಬಿಕೊಂಡ ಬ್ರೇಕ್ ಆಯಿಲ್‌ನಿಂದಾಗಿ ಡಬ್ಬಿಯ ಮಟ್ಟ ಇಳಿಯುತ್ತದೆ. ಇದನ್ನರಿಯದೆ ಮೇಲಿಂದ ಆಯಿಲ್ ಸುರಿದು ಕಳಿಸುವುದು ನಮ್ಮಲ್ಲಿ ತೀರ ಸಾಮಾನ್ಯ. ಹಾಗೆ ಮಾಡಿದರೆ ಕಾರು ತಾನಾಗಿ ಕೊಟ್ಟ ಸಾಕ್ಷಿಯನ್ನೇ ಅಳಿಸಿದಂತೆ. ತಿಳಿದ ಮಿಸ್ತ್ರಿ ಆಯಿಲ್ ಹಾಕುವ ಮೊದಲು ಚಕ್ರ ಬಿಚ್ಚುತ್ತಾನೆ. ಅಲಾಯ್ ಚಕ್ರದ ಸಂದಿಯಿಂದ ಕಾಣುವ ಹೊರಗಿನ ಪ್ಯಾಡನ್ನು ನೋಡಿ ‘ಇನ್ನೂ ಐತಿ’ ಎನ್ನುವವನನ್ನು ನಂಬುವ ಹಾಗಿಲ್ಲ. ಕ್ಯಾಲಿಪರ್ ಜಾರುವ ಪಿನ್ನುಗಳು ಬಿಗಿದುಕೊಂಡಿದ್ದರೆ ಹೊರಗಿನದು ಅರ್ಧ ಉಳಿದಿರುವಾಗಲೇ ಒಳಗಿನದು ಪೂರ್ತಿ ತೀರಿರುತ್ತದೆ. ನದಿ ದಂಡೆಯ ಈ ಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿದಂಥ ನೆರೆಯಲ್ಲಿ ನಿಂತ ಗಾಡಿಗಳ ಪಿನ್ನಿನ ರಬ್ಬರ್ ಟೊಪ್ಪಿಗೆಯೊಳಕ್ಕೆ ರಾಡಿ ಹೊಕ್ಕರೆ, ನೀರು ಇಳಿದ ಮೇಲೂ ತುಕ್ಕು ಒಳಗೊಳಗೇ ಬೆಳೆಯುತ್ತದೆ.

ಸೂಚನೆಗಳನ್ನೆಲ್ಲ ದಾಟಿ ಓಡಿಸಿದರೆ ಕೊನೆಗೆ ಉಕ್ಕಿನ ತಗಡೇ ಬೀಡುಕಬ್ಬಿಣವನ್ನು ಉಜ್ಜುತ್ತದೆ. ಕರಕರ ಸದ್ದು ಕಾಲಿನವರೆಗೆ ಬರುತ್ತದೆ, ಡಿಸ್ಕಿನ ಮೇಲೆ ಗ್ರಾಮಫೋನ್ ತಟ್ಟೆಯಂತೆ ಗೆರೆ ಬೀಳುತ್ತದೆ, ಅತಿಯಾಗಿ ಕಾದ ಕಡೆ ನೀಲಿ ಮಚ್ಚೆ ಏಳುತ್ತದೆ. ಆ ಮಚ್ಚೆಯ ಜಾಗದಲ್ಲಿ ಕಬ್ಬಿಣದ ಒಳರಚನೆಯೇ ಬದಲಾಗಿ ಬಿರುಸಾಗಿರುತ್ತದೆ, ಅಲ್ಲಿಂದ ಕೂದಲೆಳೆಯ ಬಿರುಕು ಹೊರಡಬಹುದು. ಇದಕ್ಕಿಂತ ಅಪಾಯಕರವಾದದ್ದು ಕಣ್ಣಿಗೆ ಕಾಣುವುದಿಲ್ಲ. ದಪ್ಪ ಪ್ಯಾಡು ಬಿಸಿಯನ್ನು ತಡೆಯುವ ಗೋಡೆಯೂ ಹೌದು. ಅದು ತೆಳುವಾದಾಗ ಬಿಸಿ ಪಿಸ್ಟನ್ನಿಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ದಾಟುತ್ತದೆ. ಡಾಟ್ 3 ಆಯಿಲ್ ಹೊಸದಾಗಿರುವಾಗ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯದೆ ತಾಳಬೇಕು. ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಬೀಳುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಕುದ್ದ ಆಯಿಲಿನಲ್ಲಿ ಆವಿಯ ಗುಳ್ಳೆ ಎದ್ದರೆ ಪೆಡಲು ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿರಿ ಎಂದು ಮಿಸ್ತ್ರಿ ಹೇಳಿದರೆ ಅದು ಬಿಲ್ಲು ಬೆಳೆಸುವ ಮಾತಲ್ಲ.

‘ಗೆರೆ ಬಿದ್ದರೆ ಬೀಳಲಿ, ಲೇಥಿಗೆ ಹಾಕಿದರೆ ಕನ್ನಡಿಯಂತಾಗುತ್ತದೆ’ ಎಂಬುದು ನನ್ನ ವಾದಕ್ಕೆ ಬರುವ ದೊಡ್ಡ ಆಕ್ಷೇಪ. ಇದಕ್ಕೆ ಆಧಾರವಿಲ್ಲದಿಲ್ಲ. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥುಗಳು ನಮ್ಮ ನಾಡಿನ ಎಷ್ಟೋ ಸಣ್ಣ ವರ್ಕ್‌ಶಾಪುಗಳಿಗೆ ಕೈಗಾಲು ಕೊಟ್ಟವು. ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು, ಗಾಣದ ಬುಶ್ಶು ತಿದ್ದಿ ಪಳಗಿದ ಕೈಗೆ ಡಿಸ್ಕಿನ ಎರಡೂ ಮುಖ ಸಮ ಮಾಡುವುದು ಕಷ್ಟವಲ್ಲ. ತೊಡಕಿರುವುದು ದಪ್ಪದಲ್ಲಿ. ಪ್ರತಿ ಡಿಸ್ಕಿನ ಮೇಲೂ ಅದರ ಕನಿಷ್ಠ ದಪ್ಪವನ್ನು ಮಿಲಿಮೀಟರಿನಲ್ಲಿ ಅಚ್ಚೊತ್ತಿರುವುದು ವಾಡಿಕೆ. ಹೊಸ ಡಿಸ್ಕಿಗೂ ಆ ಕನಿಷ್ಠಕ್ಕೂ ನಡುವಿನ ಅಂತರ ಸಣ್ಣ ಕಾರುಗಳಲ್ಲಿ ಬರೀ ಎರಡು ಮಿಲಿಮೀಟರಿನ ಸುಮಾರು. ಸವೆತ ಅದರಲ್ಲೇ, ಲೇಥಿನ ಕೆತ್ತನೆಯೂ ಅದರಲ್ಲೇ. ತೆಳುವಾದ ಡಿಸ್ಕು ಅದೇ ಬಿಸಿಯನ್ನು ಕಡಿಮೆ ಕಬ್ಬಿಣದಲ್ಲಿ ಹೊರಬೇಕಾದ್ದರಿಂದ ಬೇಗ ಕಾಯುತ್ತದೆ, ಬೇಗ ಬಿರಿಯುತ್ತದೆ. ಆದ್ದರಿಂದ ಲೇಥ್ ಕೆಲಸದ ಮೊದಲ ಹತ್ಯಾರ ಕತ್ತರಿಸುವ ಟೂಲ್ ಅಲ್ಲ, ಮೈಕ್ರೋಮೀಟರ್. ಮಿತಿ ಮೀರಿದ ಡಿಸ್ಕನ್ನು ‘ಇದು ಆಗೂದಿಲ್ಲ’ ಎಂದು ವಾಪಸು ಕೊಡುವವನೇ ಒಳ್ಳೆಯ ಲೇಥಿನವನು. ಆ ದಿನದ ಕೂಲಿ ಅವನಿಗೆ ತಪ್ಪಿತು ಎಂಬುದನ್ನು ನಾವು ಮರೆಯಬಾರದು.

‘ಡಿಸ್ಕ್ ಬೆಂಡ್ ಆಗಿದೆ’ ಎಂಬ ಮಾತಿನಲ್ಲೂ ಇಂಥದೇ ಅವಸರವಿದೆ. ಬ್ರೇಕ್ ಒತ್ತಿದಾಗ ಸ್ಟೇರಿಂಗು ನಡುಗಿದರೆ ಬಹಳ ಸಲ ಡಿಸ್ಕು ಬಾಗಿರುವುದಿಲ್ಲ. ಚೆನ್ನಾಗಿ ಕಾದ ಪ್ಯಾಡನ್ನು ಒಂದೇ ಜಾಗಕ್ಕೆ ಅದುಮಿ ನಿಲ್ಲಿಸಿದಾಗ ಮಸಾಲೆ ಅಲ್ಲಿ ಅಂಟುತ್ತದೆ, ಮುಂದಿನ ಸವೆತ ಏರುಪೇರಾಗುತ್ತದೆ. ಕೆಲವೊಮ್ಮೆ ಹಬ್ಬಿನ ಮೇಲಿನ ತುಕ್ಕನ್ನು ಉಜ್ಜಿ ತೆಗೆಯದೆ ಕೂರಿಸಿದ ಹೊಸ ಡಿಸ್ಕೇ ಓರೆಯಾಗಿ ತಿರುಗುತ್ತದೆ. ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಮಿಲಿಮೀಟರಿನ ಹತ್ತನೇ ಒಂದರಷ್ಟು ಓರೆಯೂ ಬಯಲಾಗುತ್ತದೆ. ಗೇಜಿಲ್ಲದ ಅಂಗಡಿಯಲ್ಲಿ ಊಹೆಯೇ ಅಳತೆಗೋಲು.

ಇನ್ನು, ಮಿಸ್ತ್ರಿಗಳು ಬೇಕಿಲ್ಲದ್ದನ್ನೂ ಬದಲಿಸಿ ಹಣ ಕೀಳುತ್ತಾರೆ ಎಂಬ ಅನುಮಾನ. ಅದು ಹುಸಿ ಎಂದು ನಾನು ಹೇಳಲಾರೆ; ನಂಬಿಕೆ ಮುರಿಯುವ ಅಂಗಡಿಗಳು ಎಲ್ಲ ಕಸುಬಿನಲ್ಲೂ ಇವೆ. ಆದರೆ ಇಲ್ಲಿ ಅನುಮಾನಕ್ಕೆ ಪರಿಹಾರ ಕಣ್ಣೆದುರೇ ಇದೆ. ತೆಗೆದ ನಾಲ್ಕು ಪ್ಯಾಡುಗಳನ್ನು ಹೊಸದರ ಪಕ್ಕ ಸಾಲಾಗಿ ಇಡಿಸಿದರೆ ಉಳಿದದ್ದೆಷ್ಟು, ಒಳಗಿನದಕ್ಕೂ ಹೊರಗಿನದಕ್ಕೂ ವ್ಯತ್ಯಾಸವೆಷ್ಟು ಎಂದು ಓದು ಬಾರದವರಿಗೂ ತಿಳಿಯುತ್ತದೆ. ಡಿಸ್ಕಿನ ಮೇಲಿನ ಅಂಕಿಯನ್ನು ಮೈಕ್ರೋಮೀಟರಿನ ಅಂಕಿಯ ಜೊತೆ ಹೋಲಿಸಿ ತೋರಿಸಲು ಅರ್ಧ ನಿಮಿಷ ಸಾಕು. ಹಾಗೆ ಕೇಳುವ ಗಿರಾಕಿಗಳು ಹೆಚ್ಚಿದಷ್ಟೂ ಅಳೆದು ಕೆಲಸ ಮಾಡುವವರಿಗೆ ಬೆಲೆ ಬರುತ್ತದೆ. ಈಗಿನ ಸ್ಥಿತಿಯಲ್ಲಿ ಕಡಿಮೆ ದರ ಹೇಳಿ ಬೇಗ ಬಿಟ್ಟುಕೊಡುವವನ ಮುಂದೆ ಅವರು ಸೋಲುತ್ತಿದ್ದಾರೆ. ಈ ಕಸುಬಿಗೆ ಆಗುತ್ತಿರುವ ಅನ್ಯಾಯ ಇದೇ ಎಂದು ನನಗನ್ನಿಸುತ್ತದೆ. ಅವರ ಮೈಗಾಗುವ ಹಾನಿಯೂ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬ್ರೇಕಿನ ಧೂಳನ್ನು ಗಾಳಿಯ ಪೈಪಿನಿಂದ ಊದಿ ತೆಗೆಯುವ ಅಭ್ಯಾಸ ಹಲವೆಡೆ ಉಳಿದಿದೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಒದ್ದೆ ಬಟ್ಟೆಯಿಂದ ಒರೆಸಿದರೆ ಧೂಳು ಮೇಲೇಳುವುದಿಲ್ಲ.

ಹೊಸ ಪ್ಯಾಡು ಕೂರಿಸಿದ ಮೇಲೂ ಕೆಲಸವೊಂದು ಬಾಕಿ ಇರುತ್ತದೆ. ಗಾಡಿ ಎಬ್ಬಿಸುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕಾರು ಸಲ ತುಳಿಯಬೇಕು, ಇಲ್ಲವಾದರೆ ಮೊದಲ ಒತ್ತು ಖಾಲಿ ಹೋಗುತ್ತದೆ. ಆಮೇಲೆ ವಾಹನ ಕಡಿಮೆ ಇರುವ ರಸ್ತೆಯಲ್ಲಿ 50–60ರ ವೇಗದಿಂದ ಪೂರ್ತಿ ನಿಲ್ಲಿಸದೆ ಹಲವು ಬಾರಿ ಹದವಾಗಿ ವೇಗ ಇಳಿಸಿ, ನಡುನಡುವೆ ಆರಲು ಬಿಟ್ಟು, ಪ್ಯಾಡು ಮತ್ತು ಡಿಸ್ಕನ್ನು ಒಂದಕ್ಕೊಂದು ಹೊಂದಿಸಬೇಕು. ಪ್ಯಾಡಿನ ಮಸಾಲೆ ಆಗ ತೆಳ್ಳಗೆ, ಸಮನಾಗಿ ಡಿಸ್ಕಿಗೆ ಹತ್ತಿಕೊಳ್ಳುತ್ತದೆ, ಸ್ವಲ್ಪ ಸುಟ್ಟ ವಾಸನೆ ಬರುತ್ತದೆ. ಬಿಲ್ಲಿನಲ್ಲಿ ಇದಕ್ಕೆ ಸಾಲಿಲ್ಲ. ಆದರೂ ಹಂಗಾಮಿನ ಸಂಜೆ ಅಂಗಡಿ ತುಂಬ ಗಾಡಿ ನಿಂತಿರುವಾಗ, ಕೈ ಒರೆಸಿಕೊಂಡು ಕೀಲಿ ಇಸಿದುಕೊಂಡು, ಲೋಕಾಪುರದ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಹೋಗಿ ಬರುವ ಮಿಸ್ತ್ರಿಗೆ ಗಾಡಿ ಕೊಡಬೇಕು.